ಬಾಯಿಮಾತಿನ ದುಡ್ಡು ಇಟ್ಕೊಂಡು ಪ್ರಯೋಗ ಮಾಡಿದ್ರೆ ಡೇಟಾ ವೇಸ್ಟಾ?

ಪ್ರಶ್ನೆ: ನಮಸ್ಕಾರ ಸರ್, ನಾನು ಎಂಎ ಸೈಕಾಲಜಿ ಕೊನೆ ವರ್ಷ. ಡಿಸರ್ಟೇಶನ್‌ಗೆ 60 ಜನ ಸ್ಟೂಡೆಂಟ್ಸ್ ಹತ್ರ ಮೂರು ಥರದ ಪ್ರಶ್ನೆ ಕೇಳ್ತಿದೀನಿ. ಒಂದು, ಇವತ್ತು 1,000 ರೂಪಾಯಿ ಬೇಕಾ ಆರು ತಿಂಗಳಾದ್ಮೇಲೆ 1,500 ಬೇಕಾ. ಎರಡು, ಗ್ಯಾರಂಟಿ 500 ಬೇಕಾ ಅಥವಾ ನಾಣ್ಯ ಚಿಮ್ಮಿ ಹೆಡ್ ಬಿದ್ರೆ 1,200, ಇಲ್ಲಾಂದ್ರೆ ಏನೂ ಇಲ್ಲ. ಮೂರು, ನಿಮ್ಗೆ 1,000 ಸಿಕ್ರೆ ಅನಾಥಾಶ್ರಮಕ್ಕೆ ಎಷ್ಟು ಕೊಡ್ತೀರಿ. ಯಾರಿಗೂ ನಿಜವಾಗಿ ದುಡ್ಡು ಕೊಡ್ತಿಲ್ಲ. ಸೀನಿಯರ್ ಒಬ್ರು "ದುಡ್ಡು ಕೊಡ್ದೆ ಕೇಳಿದ್ರೆ ಜನ ಬಾಯಿಗೆ ಬಂದಿದ್ದು ಹೇಳ್ತಾರೆ, ಡೇಟಾ ವೇಸ್ಟು" ಅಂದ್ರು. ನನ್ನ ಹತ್ರ ಇರೋದು ಐದು ಸಾವಿರ ಅಷ್ಟೇ. ಏನ್ ಮಾಡ್ಲಿ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ನಿಮ್ಮ ಮೂರೂ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಕಣಮ್ಮ, ಮೂರನ್ನೂ ಬೇರೆ ಬೇರೆ ನೋಡ್ಬೇಕು.

ಮೊದಲ್ನೇದಕ್ಕೆ ಚಿಂತೆ ಬಿಡಿ. ಕಾಯೋ ವಿಷಯದಲ್ಲಿ ನಿಜವಾದ ದುಡ್ಡು, ಬರೀ ಕಲ್ಪನೆಯ ದುಡ್ಡು ಎರಡನ್ನೂ ಅದೇ ಜನರ ಮೇಲೆ ಹೋಲಿಸಿ ನೋಡಿದಾರೆ. 2002ರಲ್ಲಿ ಜಾನ್ಸನ್ ಮತ್ತು ಬಿಕೆಲ್ ಅನ್ನೋರು 10ರಿಂದ 250 ಡಾಲರ್‌ವರೆಗೆ, ಆರು ತಿಂಗಳವರೆಗಿನ ಗಡುವು ಇಟ್ಟು ಮಾಡಿದ್ರು, ಎರಡರ ಮಧ್ಯೆ ಒಂದು ಕ್ರಮಬದ್ಧ ವ್ಯತ್ಯಾಸ ಅಂತ ಕಾಣ್ಲಿಲ್ಲ. ಜನ ಇದ್ದಿದ್ದು ಬರೀ ಆರು, ಅದು ನಿಜ, ಆದ್ರೆ ಆಮೇಲೆ ಬೇರೆಯವ್ರು ಮಾಡಿದ್ರಲ್ಲೂ ಹೆಚ್ಚುಕಮ್ಮಿ ಇದೇ ಬಂದಿದೆ. ಇನ್ನೊಂದು ವಿಷಯ, ಇಲ್ಲಿ ನಿಜವಾದ ದುಡ್ಡು ಕೊಡೋಕೆ ಹೋದ್ರೆ ಹೊಸ ತಲೆನೋವೇ ಶುರುವಾಗುತ್ತೆ. ಆರು ತಿಂಗಳಾದ್ಮೇಲೆ ಈ ಹುಡುಗಿ ಕೋರ್ಸ್ ಮುಗಿಸಿ ಎಲ್ಲಿರ್ತಾಳೋ, ದುಡ್ಡು ಕಳಿಸ್ತಾಳೋ ಇಲ್ವೋ ಅಂತ ಅನುಮಾನ ಬಂದವ್ರು "ಇವತ್ತೇ ಕೊಡಿ" ಅಂತಾರೆ, ನೀವು ಅದನ್ನ ತಾಳ್ಮೆ ಇಲ್ಲ ಅಂತ ಬರ್ಕೊಳ್ತೀರಿ, ಅಳೆದಿದ್ದು ಮಾತ್ರ ನಿಮ್ಮ ಮೇಲಿನ ನಂಬಿಕೆನ!

ಎರಡನೇದು ಹಾಗಲ್ಲ. ರಿಸ್ಕ್ ವಿಷಯದಲ್ಲಿ ಚಾರ್ಲ್ಸ್ ಹೋಲ್ಟ್ ಮತ್ತು ಸೂಸನ್ ಲಾರಿ 2002ರಲ್ಲಿ ಮಾಡಿದ ಪ್ರಯೋಗ ನೀವು ಓದ್ಲೇಬೇಕು. ಒಂದು ಹಾಳೆ ಮೇಲೆ ಹತ್ತು ಸಾಲು, ಪ್ರತಿ ಸಾಲಲ್ಲೂ ಎರಡು ಆಯ್ಕೆ. ಸೇಫ್ ಆಯ್ಕೆಲಿ 2 ಡಾಲರ್ ಅಥವಾ 1.60, ರಿಸ್ಕ್ ಇರೋದ್ರಲ್ಲಿ 3.85 ಅಥವಾ ಬರೀ 10 ಸೆಂಟ್. ಮೊದಲ ಸಾಲಲ್ಲಿ ದೊಡ್ಡ ಮೊತ್ತ ಬರೋ ಸಾಧ್ಯತೆ ಹತ್ತಕ್ಕೆ ಒಂದು, ಕೆಳಗೆ ಹೋಗ್ತಾ ಒಂದೊಂದೇ ಜಾಸ್ತಿ ಆಗುತ್ತೆ. ಬರೀ ಲೆಕ್ಕ ಹಾಕೋ ಮನುಷ್ಯ ನಾಲ್ಕು ಸಲ ಸೇಫ್ ತಗೊಂಡು ಐದನೇ ಸಾಲಲ್ಲಿ ಆ ಕಡೆ ಹಾರ್ಬೇಕು. ಈ ಸಣ್ಣ ಮೊತ್ತ ನಿಜವಾಗಿ ಕೊಟ್ಟಾಗ ಜನ ಸರಾಸರಿ 5.2 ಸಲ ಸೇಫ್ ತಗೊಂಡ್ರು. ಮೊತ್ತ 90 ಪಟ್ಟು ಮಾಡಿ, ಅಂದ್ರೆ ಗೆದ್ರೆ 346.50 ಡಾಲರ್ ಸೋತ್ರೆ 9, ಸುಮ್ನೆ ಕಲ್ಪನೆ ಮಾಡ್ಕೊಳಿ ಅಂದಾಗ 5.3, ಅಂದ್ರೆ ಅಲ್ಲಾಡ್ಲೇ ಇಲ್ಲ. ಅದೇ 90 ಪಟ್ಟು ನಿಜವಾಗಿ ಕೈಗೆ ಕೊಡ್ತೀವಿ ಅಂದಾಗ 7.2! ನೂರಾರು ಡಾಲರ್ ನಿಜಕ್ಕೂ ಎದುರಿಗೆ ಬಂದಾಗ ತಾವು ಎಷ್ಟು ಹೆದರ್ತೀವಿ ಅನ್ನೋದು ಕೂತಲ್ಲೇ ಊಹೆ ಮಾಡೋವಾಗ ಅವ್ರಿಗೆ ಗೊತ್ತೇ ಆಗ್ಲಿಲ್ಲ. ಪ್ರಶ್ನೆ ಕೇಳಿದ ಕ್ರಮದಿಂದ ಹೀಗಾಯ್ತು ಅಂತ ಆಮೇಲೆ ತಕರಾರು ಬಂತು, ಅವ್ರಿಬ್ರೂ 2005ರಲ್ಲಿ ಮತ್ತೆ ಮಾಡಿ ನೋಡಿದ್ರು, ಮುಖ್ಯ ಫಲಿತಾಂಶ ನಿಂತ್ಕೊಂಡಿತು.

ನಮ್ಮ ದೇಶದ್ದೇ ಇದಕ್ಕಿಂತ ಹಳೇ ಕೆಲ್ಸ ಇದೆ, ನಮ್ಮಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ ಅನ್ನೋದು ನಂಗೆ ಬೇಜಾರು. ಹೈದರಾಬಾದ್ ಹತ್ರದ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯಿಂದ ಹ್ಯಾನ್ಸ್ ಬಿನ್ಸ್‌ವಾಂಗರ್ ಅನ್ನೋರು ಆಗಿನ ಆಂಧ್ರ, ಮಹಾರಾಷ್ಟ್ರದ ಹಳ್ಳಿಗಳಲ್ಲಿ, ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರ ಜಿಲ್ಲೆಲೂ ಸೇರಿ, ರೈತರ ಮುಂದೆ ನಿಜವಾದ ದುಡ್ಡಿಟ್ಟು ನಾಣ್ಯ ಚಿಮ್ಮಿಸಿದ್ರು, 1980ರಲ್ಲಿ ಪೇಪರ್ ಬಂತು. 50 ಪೈಸೆಯಿಂದ ಶುರು, ಆಮೇಲೆ 5 ರೂಪಾಯಿ, 50 ರೂಪಾಯಿ. 50ರ ಆಟದಲ್ಲಿ ಏನೇ ಬಿದ್ರೂ 50 ತಗೋಬಹುದು, ಅಥವಾ ನಾಣ್ಯ ಒಂದು ಕಡೆ ಬಿದ್ರೆ 30, ಇನ್ನೊಂದು ಕಡೆ ಬಿದ್ರೆ 150, ಧೈರ್ಯ ಇದ್ರೆ ಸೊನ್ನೆ ಇಲ್ಲಾ 200. 500 ರೂಪಾಯಿದು ಮಾತ್ರ ಬಾಯಿಮಾತಿನ ಪ್ರಶ್ನೆ, ಆದ್ರೆ ಅಷ್ಟೊತ್ತಿಗೆ ನಿಜವಾದ ಆಟ ಆಡಿ ಪಳಗಿದ್ದ ಜನ. ಮೊತ್ತ ದೊಡ್ಡದಾದಾಗ ಹೆಚ್ಚುಕಮ್ಮಿ ಎಲ್ರೂ ಮಧ್ಯಮ ಹುಷಾರಿನ ಕಡೆಗೇ ಬಂದ್ರು, ಆಸ್ತಿ ಇದ್ದೋರು ಇಲ್ದೋರು ಅಂತ ಅಂಥ ವ್ಯತ್ಯಾಸ ಇರ್ಲಿಲ್ಲ. ಬರೀ ಸಂದರ್ಶನದಲ್ಲಿ ಕೇಳಿ ಬರ್ಕೊಂಡ ಉತ್ತರ ಇದಕ್ಕೆ ತಾಳೆನೇ ಆಗ್ಲಿಲ್ಲ, ಕೇಳೋರು ಯಾರು ಅನ್ನೋದ್ರ ಮೇಲೂ ಉತ್ತರ ಬದಲಾಗ್ತಿತ್ತು.

ಮೂರನೇ ಪ್ರಶ್ನೆಗೆ ಮಾತ್ರ ದುಡ್ಡಿಲ್ದೆ ಕೈ ಹಾಕ್ಲೇಬೇಡಿ. ಬಾಯಿಮಾತಲ್ಲಿ ಎಲ್ರೂ ಕರ್ಣರೇ. ಒಂದು ವಸ್ತುಗೆ ಅಥವಾ ಒಳ್ಳೆ ಕೆಲ್ಸಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದ 29 ಅಧ್ಯಯನಗಳನ್ನ ಲಿಸ್ಟ್ ಮತ್ತು ಗ್ಯಾಲೆಟ್ 2001ರಲ್ಲಿ ಒಟ್ಟು ಹಾಕಿದಾಗ ಹೇಳೋ ಮೊತ್ತ ನಿಜವಾದ್ದಕ್ಕಿಂತ ಸರಾಸರಿ ಸುಮಾರು ಮೂರು ಪಟ್ಟು ಇತ್ತು. ಅದೂ ಅಲ್ದೆ ನೀವು ಎದುರಿಗೆ ಕೂತು ಅನಾಥಾಶ್ರಮದ ಹೆಸರು ಎತ್ತಿದ್ರೆ ಯಾವ ಹುಡುಗ ತಾನೇ ಐವತ್ತು ರೂಪಾಯಿ ಅಂತಾನೆ?

ದುಡ್ಡು ಕೊಟ್ರೆ ಜನ ಬುದ್ಧಿವಂತರಾಗ್ಬಿಡ್ತಾರೆ ಅಂತಾನೂ ತಿಳ್ಕೋಬೇಡಿ. ಜನ ಒಂದು ಜೂಜನ್ನ ಆರಿಸ್ಕೊಂಡು, ಬೆಲೆ ಕಟ್ಟಿ ಅಂದ್ರೆ ಇನ್ನೊಂದಕ್ಕೇ ಜಾಸ್ತಿ ಕಟ್ತಾರೆ ಅನ್ನೋ ವಿಚಿತ್ರನ ಗ್ರೆಥರ್ ಮತ್ತು ಪ್ಲಾಟ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು ನಂಬ್ಲಿಲ್ಲ, ನಿಜವಾದ ದುಡ್ಡಿಟ್ರೆ ಇದು ಹೋಗುತ್ತಾ ಅಂತ ಮಾಡಿ ನೋಡಿದ್ರು, 1979ರಲ್ಲಿ. ಹೋಗ್ಲಿಲ್ಲ.

ಈಗ ನಿಮ್ಮ ಐದು ಸಾವಿರ. ಮೊದಲ ಪ್ರಶ್ನೆ ಇದ್ದ ಹಾಗೇ ಇರ್ಲಿ, ಕಲ್ಪನೆ ಅಂತ ಮೊದ್ಲೇ ಹೇಳಿ. ಎರಡನೇದನ್ನ ಗ್ಯಾರಂಟಿ 200, ಹೆಡ್ ಬಿದ್ರೆ 480 ಮಾಡಿ, ಮೂರನೇದಕ್ಕೆ 200 ಇಡಿ. ಹತ್ತು ಜನಕ್ಕೆ ಒಬ್ರಿಗೆ, ಅಂದ್ರೆ ಎರಡು ಪ್ರಶ್ನೆಗೂ ಆರಾರು ಜನಕ್ಕೆ ನಿಜವಾಗಿ ಕೊಡಿ. ಆರಕ್ಕೆ ಆರೂ ನಾಣ್ಯದಲ್ಲಿ ಗೆದ್ರೂ 2,880, ಅದಕ್ಕೆ 1,200 ಸೇರಿಸಿ 4,080. ಚೀಟಿ ಎಲ್ರ ಎದುರಿಗೇ ಎತ್ತಿ, ಆದ್ರೆ ಎಲ್ರೂ ಉತ್ತರ ಬರೆದ್ಮೇಲೆ. ಹೀಗೆ ಎತ್ತೋದಿದೆ ಅಂತ ಬರೆಯೋಕೆ ಮುಂಚೆನೇ ಗೊತ್ತಿರ್ಬೇಕು, ಇಲ್ಲಾಂದ್ರೆ ದುಡ್ಡು ಕೊಟ್ಟೂ ಪ್ರಯೋಜನ ಇಲ್ಲ. ಮೂರನೇದ್ರಲ್ಲಿ ಉತ್ತರ ಬರೆದು ಹೆಸರಿಲ್ಲದ ಕವರಲ್ಲಿ ಹಾಕ್ಲಿ, ಕವರ್ ಮೇಲೆ ನಂಬರ್ ಸಾಕು, ಆಶ್ರಮಕ್ಕೆ ಕಟ್ಟಿದ ರಸೀದಿನ ಆಮೇಲೆ ಕ್ಲಾಸಲ್ಲಿ ತೋರಿಸಿ. ಆಮೇಲೆ ವರದಿಲಿ 200, 480ರ ಮಟ್ಟದ ಬಗ್ಗೆ ಮಾತ್ರ ಬರೀರಿ, ಇದ್ರಿಂದ ಲಕ್ಷ ರೂಪಾಯಿ ಹೂಡಿಕೆ ಬಗ್ಗೆ ಒಂದು ಸಾಲೂ ಬೇಡ. ಶುರು ಮಾಡೋ ಮುಂಚೆ ಗೈಡ್ ಹತ್ರ ಎಥಿಕ್ಸ್ ಕಮಿಟಿ ಒಪ್ಪಿಗೆ ಬಗ್ಗೆ ಮಾತಾಡಿ, ದುಡ್ಡು ಕೊಡೋ ವಿಷಯ ಒಪ್ಪಿಗೆ ಪತ್ರದಲ್ಲಿ ಬರೆದಿರ್ಬೇಕು.