ಪಯಣದ ಚೀಲದಲ್ಲಿ ಯಾವ ಬಣ್ಣಗಳಿರಬೇಕು?

ಪ್ರಶ್ನೆ: ರಜೆಯಲ್ಲಿ ಹಂಪಿ, ಬಾದಾಮಿಗಳಿಗೆ ಹೋಗುವವಳಿದ್ದೇನೆ. ಸ್ಥಳದಲ್ಲೇ ಕುಳಿತು ಚಿತ್ರ ಬರೆಯಲು ಜಲವರ್ಣ, ಅಕ್ರಿಲಿಕ್‌ಗಳಲ್ಲಿ ಯಾವುದು ಅನುಕೂಲ? ಎಷ್ಟು ಬಣ್ಣ ಒಯ್ಯಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಅಕ್ರಿಲಿಕ್ ಒಮ್ಮೆ ಒಣಗಿದರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ, ಬಿಸಿಲಿನಲ್ಲಿ ಒಂದೇ ಬಾಟಲಿ ನೀರನ್ನು ನೆಚ್ಚಿ ಕೂರುವವರ ಕುಂಚಗಳು ಬೇಗ ಹಾಳಾಗುತ್ತವೆ. ಜಲವರ್ಣವೇ ಸರಿ. ಟ್ಯೂಬಿನ ಬಣ್ಣವನ್ನು ಪುಟ್ಟ ಡಬ್ಬಿಗಳಂಥ ಖಾಲಿ ಪ್ಯಾನ್‌ಗಳಿಗೆ ತುಂಬಿ, ಹೊರಡುವ ಕೆಲವು ದಿನ ಮೊದಲೇ ಒಣಗಿಸಿಕೊಂಡರೆ ಚೀಲದಲ್ಲಿ ಸೋರುವ ಭಯವಿರದು.

ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆ ನೋಡಲು ಚೆಂದ, ಹೊರಲು ಅಲ್ಲ. ಐದು ಧಾರಾಳವಾಯಿತು: ಅಲ್ಟ್ರಾಮರೀನ್ (ಕಡುನೀಲಿ), ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ, ಕ್ವಿನಾಕ್ರಿಡೋನ್ ರೋಸ್ (ಗುಲಾಬಿಗೆಂಪು). ಮೊದಲೆರಡನ್ನು ಬೆರೆಸಿದರೆ ತಿಳಿಬೂದಿಯಿಂದ ಕಪ್ಪಿನ ಅಂಚಿನವರೆಗಿನ ಛಾಯೆಗಳೆಲ್ಲ ಸಿಗುವುದರಿಂದ ಹಂಪಿಯ ಗ್ರಾನೈಟ್ ಬಂಡೆಗಳಿಗೆ ಬೇರೆ ಕಪ್ಪು ಬೇಕಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಸಿಯೆನಾದ ಜೊತೆ ಓಕರ್ ಮತ್ತು ತುಸು ರೋಸ್ ಸಾಕು. ಅಗ್ಗದ ಪೆಟ್ಟಿಗೆಗಳಲ್ಲಿ ಕಾಣುವ ಕಡುಗೆಂಪು ಅಲಿಝರಿನ್ ಕ್ರಿಮ್ಸನ್‌ನಲ್ಲಿ ಪಿಆರ್ 83 ಎಂಬ ವರ್ಣದ್ರವ್ಯವಿದ್ದರೆ, ಅದು ಬೆಳಕಿಗೆ ಮಾಸುವಂಥದ್ದು. ಟ್ಯೂಬಿನ ಹಿಂಬದಿ ಓದಿಯೇ ಕೊಳ್ಳಿ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ) ಇರಲಿ. ಹೊರಡುವ ಮುನ್ನ ಲಾಲ್‌ಬಾಗಿನ ಬಂಡೆಯೆದುರು ಕುಳಿತು ಈ ಐದನ್ನೂ ಒಮ್ಮೆ ಬೆರೆಸಿ ನೋಡಿ.