ಡಿಎನ್ಎಸ್, ಮೇಲ್ ಸರ್ವರ್ ಕಲಿಯೋಕೆ ಯಾವ ಪುಸ್ತಕ?

ಪ್ರಶ್ನೆ: ಗಂಗಾವತಿಯ ಒಂದು ಅಕ್ಕಿ ಮಿಲ್ಲಿನ ಆಫೀಸಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮಿಲ್ಲಿನ ಹೆಸರಲ್ಲಿ ಡೊಮೈನ್ ಇದೆ, ಮೇಲ್ ಕೂಡ ನಮ್ಮದೇ ಸರ್ವರ್‌ನಿಂದ ಹೋಗಲಿ ಅಂತಾರೆ ಸಾವ್ಕಾರ್ರು. ವಿಡಿಯೋ ನೋಡಿ ಟೈಪ್ ಮಾಡಿದರೆ ನಡೆಯುತ್ತೆ, ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತಲೇ ತಿಳಿಯಲ್ಲ. ಬುಡದಿಂದ ಕಲಿಸುವ ಪುಸ್ತಕ ಹೇಳಿ. ಹಳೇ ಪುಸ್ತಕ ಆಗುತ್ತಾ?

ಉತ್ತರ: ಡಿಎನ್ಎಸ್‌ಗೆ (ಡೊಮೈನ್ ಹೆಸರು ಯಾವ ಸರ್ವರಿನದು ಅಂತ ಹೇಳುವ ವ್ಯವಸ್ಥೆ) ಹಳೇದು ಆಗುತ್ತೆ, ಮೇಲ್‌ಗೆ ಆಗಲ್ಲ. ಡಿಎನ್ಎಸ್‌ನ ಮೂಲ ನಿಯಮ ಬರೆದದ್ದು 1987ರಲ್ಲಿ, ಅದೇ ಇವತ್ತಿಗೂ ಬುನಾದಿ. ಹಾಗಾಗಿ ಕ್ರಿಕೆಟ್ ಲಿಯು, ಪಾಲ್ ಆಲ್ಬಿಟ್ಜ್ ಬರೆದ ‘ಡಿಎನ್ಎಸ್ ಆಂಡ್ ಬೈಂಡ್’ ತಗೊಳ್ಳಿ. ಬೈಂಡ್ ಅಂದರೆ ಡಿಎನ್ಎಸ್ ಸರ್ವರ್ ನಡೆಸುವ ಸಾಫ್ಟ್‌ವೇರ್. ಐದನೇ ಆವೃತ್ತಿ 2006ರದು, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಬಿಡಬೇಡಿ. ಅದರಲ್ಲಿಲ್ಲದ ಹೊಸ ಸೆಟ್ಟಿಂಗ್‌ಗಳಿಗೆ ಬೈಂಡ್ 9ರ ಜೊತೆ ಪುಕ್ಕಟೆ ಬರುವ ಕೈಪಿಡಿ ಪಕ್ಕದಲ್ಲಿರಲಿ.

ಸುಮ್ನೆ ಓದಿದರೆ ಮಾತ್ರ ತಲೆಗೆ ಹತ್ತಲ್ಲ. ಒಂದು ಲ್ಯಾಪ್‌ಟಾಪ್‌ನಲ್ಲೇ ಎರಡು ವರ್ಚುವಲ್ ಮಷೀನ್ ಹಾಕಿ, ಝೋನ್ ಫೈಲನ್ನು (ಡೊಮೈನಿನ ಡಿಎನ್ಎಸ್ ದಾಖಲೆಗಳಿರುವ ಫೈಲು) ಕೈಯಾರೆ ಬರೆಯಿರಿ. ಅದರಲ್ಲಿ ‘ಮೇಲ್.ಅಕ್ಕಿಮಿಲ್.ಇನ್’ ಅಂತ ಬರೆದು ಕೊನೆಗೆ ಚುಕ್ಕಿ ಇಡದೆ ಬಿಟ್ಟು ನೋಡಿ, ಸರ್ವರ್ ಅದನ್ನು ‘ಮೇಲ್.ಅಕ್ಕಿಮಿಲ್.ಇನ್.ಅಕ್ಕಿಮಿಲ್.ಇನ್’ ಮಾಡಿಕೊಳ್ಳುತ್ತೆ. ಡಿಎನ್ಎಸ್ ಕೊಡುವ ಉತ್ತರ ತೋರಿಸುವ ಡಿಗ್ ಕಮಾಂಡ್ ಕೊಟ್ಟು ಇದನ್ನು ಕಣ್ಣಾರೆ ಕಂಡರೆ ಆ ಚುಕ್ಕಿ ಯಾಕೆ ಅಂತ ಮತ್ತೆ ಮರೆಯಲ್ಲ. ಫೈಲ್ ತಿದ್ದಿದಾಗಲೆಲ್ಲ ಸೀರಿಯಲ್ ನಂಬರ್ ಏರಿಸಬೇಕು, ಇಲ್ಲದಿದ್ದರೆ ಅದರ ನಕಲು ಇಟ್ಟುಕೊಳ್ಳುವ ಎರಡನೇ ಸರ್ವರ್ ಹಳೇ ಮಾಹಿತಿಯನ್ನೇ ಹೇಳುತ್ತಿರುತ್ತೆ.

ಮೇಲ್ ಕೆಲಸ ಇದಾದ ಮೇಲೆ. ಎಂಎಕ್ಸ್ (ಡೊಮೈನಿನ ಮೇಲ್ ಯಾವ ಸರ್ವರ್‌ಗೆ ಬರಬೇಕು), ಎಸ್‌ಪಿಎಫ್ (ಯಾವ ಸರ್ವರ್‌ಗಳು ಕಳಿಸಬಹುದು), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ ಪರೀಕ್ಷಿಸುವ ಕೀ), ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕು) ಎಲ್ಲ ಡಿಎನ್ಎಸ್‌ನಲ್ಲೇ ಬರೆಯುವಂಥವು ಅಲ್ವಾ, ಅದು ಗೊತ್ತಿಲ್ಲದೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಪಡೆಯುವ ಸರ್ವರ್ ಸಾಫ್ಟ್‌ವೇರ್) ಹಿಡಿದರೆ ಒದ್ದಾಟವೇ. ಇಲ್ಲಿ ಹಳೇ ಪುಸ್ತಕ ಕೈಕೊಡೋದು ಈ ಕಾರಣಕ್ಕೇ: 2003, 2005ರ ಪೋಸ್ಟ್‌ಫಿಕ್ಸ್ ಪುಸ್ತಕಗಳು ಚೆನ್ನಾಗಿಯೇ ಇವೆ, ಆದರೆ ಡಿಕಿಮ್, ಡಿಮಾರ್ಕ್ ಬಂದದ್ದು ಆಮೇಲೆ. ಜಿಮೇಲ್ 2024ರ ಫೆಬ್ರುವರಿಯಿಂದ ತನಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಇರಲೇಬೇಕು ಅನ್ನುತ್ತಿದೆ, ಐಪಿಗೆ ಸರಿಯಾದ ರಿವರ್ಸ್ ಡಿಎನ್ಎಸ್ (ಐಪಿ ವಿಳಾಸದಿಂದ ಸರ್ವರ್ ಹೆಸರು ತಿಳಿಸುವ ದಾಖಲೆ) ಕೂಡ ಕೇಳುತ್ತೆ. ಅದಕ್ಕೇ ಮೈಕೆಲ್ ಲ್ಯೂಕಸ್ 2024ರಲ್ಲಿ ತಂದ ‘ರನ್ ಯುವರ್ ಓನ್ ಮೇಲ್ ಸರ್ವರ್’ ಓದಿ. ಪೋಸ್ಟ್‌ಫಿಕ್ಸ್, ಡವ್‌ಕಾಟ್ (ಬಂದ ಮೇಲನ್ನು ಬಳಕೆದಾರರಿಗೆ ತೆರೆದು ಕೊಡುವ ಸಾಫ್ಟ್‌ವೇರ್) ಜೊತೆಗೆ ಇವೆಲ್ಲ ಅದರಲ್ಲಿವೆ. ದುಡ್ಡಿನ ತಾಪತ್ರಯ ಇದ್ದರೆ ಪೋಸ್ಟ್‌ಫಿಕ್ಸ್‌ನವರದೇ ದಾಖಲೆ ಪುಕ್ಕಟೆ ಇದೆ, ಸ್ವಲ್ಪ ಗಟ್ಟಿ ಓದು, ಆದರೆ ನಂಬಬಹುದು.

ಮಿಲ್ಲಿನ ನಿಜವಾದ ಮೇಲ್‌ಗೆ ಈಗಲೇ ಕೈ ಹಾಕಬೇಡಿ. ಕಲಿಯೋಕೆ ಅಂತಲೇ ಇನ್ನೊಂದು ಡೊಮೈನ್ ಕೊಳ್ಳಿ. ಆಫೀಸಿನ ಮಾಮೂಲಿ ಬ್ರಾಡ್‌ಬ್ಯಾಂಡ್‌ನಿಂದ ಕಳಿಸಿದ ಮೇಲ್ ಸ್ಪ್ಯಾಮಿಗೆ ಬೀಳೋದೇ ಜಾಸ್ತಿ, ಕ್ಲೌಡ್ ಸರ್ವರ್ ತಗೊಂಡರೂ ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ 25ನೇ ಪೋರ್ಟ್ ಬಿಡ್ತಾರಾ, ರಿವರ್ಸ್ ಡಿಎನ್ಎಸ್ ಹಾಕೋಕೆ ಕೊಡ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಕೊನೆಗೆ ಮಿಲ್ಲಿನ ಎಂಎಕ್ಸ್ ಬದಲಿಸುವಾಗ ಎರಡು ದಿನ ಮುಂಚೆಯೇ ಅದರ ಟಿಟಿಎಲ್ (ಬೇರೆ ಸರ್ವರ್‌ಗಳು ಆ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿಟ್ಟುಕೊಳ್ಳಿ. ಏನಾದರೂ ಎಡವಟ್ಟಾದರೆ ಬೇಗ ಹಳೇದಕ್ಕೆ ತಿರುಗಿಸಬಹುದು.