ಟೆಲಿಸ್ಕೋಪ್ ಕೆಟ್ಟಿಲ್ಲ, ಜೂಮ್ ಜಾಸ್ತಿಯಾಗಿದೆ

ನಮಸ್ಕಾರ. 1200 ಮಿ.ಮೀ. ಫೋಕಲ್ ಲೆಂತ್ (ಬೆಳಕು ಒಂದೆಡೆ ಸೇರುವ ದೂರ) ಇರೋ ಹೊಸ ಟೆಲಿಸ್ಕೋಪಿಗೆ 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ಪುಷ್ಯದ ನಕ್ಷತ್ರಗುಚ್ಛ ಎಂ44 ನೋಡಿದರೆ ಅಲ್ಲೊಂದು ಇಲ್ಲೊಂದು ಚುಕ್ಕಿ ಮಾತ್ರ ಕಂಡಿತು, ಟೆಲಿಸ್ಕೋಪೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ.

ಖಂಡಿತ ಕೆಟ್ಟಿಲ್ಲ. 1200ನ್ನು 10ರಿಂದ ಭಾಗಿಸಿ, ನೀವು 120 ಪಟ್ಟು ಹಿಗ್ಗಿಸಿ ನೋಡಿದ್ದೀರಿ. ಆಗ ಒಂದು ಸಲಕ್ಕೆ ಕಾಣೋದು ಹೆಚ್ಚೆಂದರೆ ಅರ್ಧ ಡಿಗ್ರಿ ಆಕಾಶ, ಅಂದರೆ ಒಂದು ಹುಣ್ಣಿಮೆ ಚಂದ್ರನಷ್ಟು. ಈ ಗುಚ್ಛವೋ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ! ಜಾತ್ರೆಯ ನಡುವೆ ನಿಂತು ಜಾತ್ರೆ ಎಲ್ಲಿ ಅಂತ ಹುಡುಕಿದ ಹಾಗಾಯಿತು, ಅಲ್ವಾ? 25 ಮಿ.ಮೀ. ಐಪೀಸ್ ಹಾಕಿದರೂ ಒಂದು ಡಿಗ್ರಿ ಅಷ್ಟೇ, ಪೂರ್ತಿ ಹಿಡಿಸೋದಿಲ್ಲ.

ಇದಕ್ಕೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮಸೂರದ) ಬೈನಾಕ್ಯುಲರ್ರೇ ಸರಿ. ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಮಿಥುನ ರಾಶಿಯ ಪೊಲಕ್ಸ್, ಸಿಂಹ ರಾಶಿಯ ಮಘಾ ನಕ್ಷತ್ರಗಳನ್ನು ಗುರುತಿಸಿ. ಅವೆರಡರ ನಡುವೆ, ಪೊಲಕ್ಸ್ ಕಡೆಗೆ ಸ್ವಲ್ಪ ಸರಿದು ಹುಡುಕಿ. ಕಪ್ಪು ಬಟ್ಟೆ ಮೇಲೆ ರವೆ ಚೆಲ್ಲಿದ ಹಾಗೆ ಥಟ್ಟನೆ ಕಾಣುತ್ತದೆ. ನಿಧಾನವಾಗಿ ನೋಡಿದರೆ ಬಿಳಿ ಚುಕ್ಕಿಗಳ ಮಧ್ಯೆ ಒಂದೆರಡು ಹಳದಿ ಛಾಯೆಯವೂ ಸಿಗುತ್ತವೆ. ಬರಿಗಣ್ಣಿಗೆ ಮಬ್ಬಾಗಿ ಕಾಣುವ ಇದರಲ್ಲಿ ನಲವತ್ತಕ್ಕೂ ಹೆಚ್ಚು ನಕ್ಷತ್ರಗಳಿವೆ ಅಂತ ಗೆಲಿಲಿಯೋ 1610ರಲ್ಲೇ ಬರೆದಿದ್ದ.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸಂಜೆಗಳು ಚೆನ್ನ. ಪುಷ್ಯ ಮಳೆ ಸುರಿಯುವ ಜುಲೈ ಕೊನೆಗೆ ಸೂರ್ಯನೇ ಅಲ್ಲಿರುತ್ತಾನೆ, ಆಗ ಮೋಡ ಸರಿದರೂ ಕಾಣೋದಿಲ್ಲ. ಚಂದ್ರ ಇಲ್ಲದ ರಾತ್ರಿ ಪ್ರಯತ್ನಿಸಿ, ಏನು ಕಂಡಿತು ಅಂತ ಬಂದು ಹೇಳಿ.